ವಾಸಿಯಾದ ಕಣ್ಣಿನ ಗಾಯ ಮೂರು ತಿಂಗಳಾದ್ಮೇಲೆ ಮತ್ತೆ ಕಿತ್ಕೊಂಡಿದ್ದು ಯಾಕೆ?

ಪುಟ್ಟಿಯಮ್ಮ
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ನಮ್ಮ ಪುಟ್ಟಿಗೆ ಈಗ ಒಂದು ವರ್ಷ ಎರಡು ತಿಂಗಳು. ಸಂಕ್ರಾಂತಿ ಟೈಮಲ್ಲಿ ಹಾಲು ಕುಡಿಸ್ತಾ ಇದ್ದೆ, ಕೈ ಬೀಸಿದ್ಲು ನೋಡಿ, ಉಗುರು ಸೀದಾ ನನ್ನ ಬಲಗಣ್ಣಿಗೆ. ಅಯ್ಯೋ ಆ ನೋವು ಹೇಳಕ್ಕಾಗಲ್ಲ, ಹೆರಿಗೆ ನೋವಾದ್ರೂ ನಡುವೆ ಬಿಡುವು ಕೊಡ್ತಿತ್ತು ಇದು ಅದನ್ನೂ ಕೊಡಲಿಲ್ಲ. ಡಾಕ್ಟ್ರು ಕಿತ್ತಳೆ ಬಣ್ಣದ ಪೇಪರ್ ಪಟ್ಟಿ ರೆಪ್ಪೆ ಒಳಗೆ ಮುಟ್ಟಿಸಿ ನೀಲಿ ಲೈಟ್ ಹಾಕಿದ್ರು, ನಮ್ಮೆಜಮಾನ್ರು ಫೋಟೋ ತೆಗೆದಿದ್ದಾರೆ, ಕಣ್ಣಿನ ನಡುವೆ ಹಸಿರಾಗಿ ಹೊಳೆಯೋ ಒಂದು ತೇಪೆ. 3 ಮಿಲಿಮೀಟರ್ ಅಂದ್ರು. ಆ್ಯಂಟಿಬಯಾಟಿಕ್ ಡ್ರಾಪ್ಸ್ ಕೊಟ್ರು, ಎರಡನೇ ದಿನ ಸಂಜೆ ಹೋದ್ರೆ ಹಸಿರು ಮಾಯ, "ಪೂರ್ತಿ ಮುಚ್ಕೊಂಡಿದೆ ಹೋಗಮ್ಮ" ಅಂದ್ರು. ನಾನೂ ಮರೆತೇ ಹೋದೆ.

ಯುಗಾದಿ ಕಳೆದು ಒಂದು ವಾರ, ಬೆಳಗಿನ ಜಾವ ಐದಕ್ಕೆ ಎಚ್ಚರ ಆಯ್ತು, ಕಣ್ಣು ಬಿಟ್ಟೆ, ಯಾರೋ ಬ್ಲೇಡ್ ಎಳೆದ ಹಾಗೆ. ಅದೇ ಕಣ್ಣು, ಅದೇ ಜಾಗ, ಅದೇ ಹಸಿರು ತೇಪೆ. ಈ ಸಲ ಯಾರ ಉಗುರೂ ತಾಗಿಲ್ಲ. ಇದಕ್ಕೆ ರಿಕರೆಂಟ್ ಎರೋಷನ್ ಅಂತಾರೆ, ಕೆಲವರಿಗೆ ಆಗುತ್ತೆ ಅಂದ್ರು ಡಾಕ್ಟ್ರು, ಹೊರಗೆ ನಲವತ್ತು ಜನ ಕಾಯ್ತಾ ಇದ್ರು, ಹೆಚ್ಚು ಕೇಳೋಕೆ ಮನಸ್ಸು ಬರಲಿಲ್ಲ. ನನ್ನ ಪ್ರಶ್ನೆ ಇಷ್ಟೇ, ಎರಡು ದಿನಕ್ಕೆ ವಾಸಿ ಆಗಿದ್ದು ಮೂರು ತಿಂಗಳಾದ್ಮೇಲೆ ಹೇಗೆ ಕಿತ್ಕೊಂಡು ಬಂತು? ವಾಸಿನೇ ಆಗಿರ್ಲಿಲ್ವಾ?

ಕನ್ನಡಕದ_ಹುಡುಗ
ಅಕ್ಕ ನಾನು ಆಪ್ಟೋಮೆಟ್ರಿಸ್ಟ್. ಉಗುರು, ಪೇಪರ್ ಅಂಚು, ಗಿಡದ ಕಡ್ಡಿ, ಈ ಮೂರರ ಗಾಯಕ್ಕೇ ಹೀಗೆ ಜಾಸ್ತಿ ಆಗೋದು. ಬೆಳಗಿನ ಜಾವ ಯಾಕೆ ಅಂದ್ರೆ ನಿದ್ದೇಲಿ ಕಣ್ಣೀರು ಕಮ್ಮಿ, ರೆಪ್ಪೆ ಒಳಭಾಗ ಕಾರ್ನಿಯಾಗೆ, ಅಂದ್ರೆ ಕಪ್ಪುಗುಡ್ಡೆ ಮೇಲಿನ ಗಾಜಿನಂಥ ಪದರಕ್ಕೆ, ಅಂಟ್ಕೊಂಡಿರುತ್ತೆ, ಎದ್ದ ತಕ್ಷಣ ಪಟ್ ಅಂತ ಕಣ್ಣು ಬಿಟ್ರೆ ಸಡಿಲ ಇರೋ ಪದರ ರೆಪ್ಪೆ ಜೊತೆಗೇ ಎದ್ದು ಬರುತ್ತೆ. ಸಡಿಲ ಯಾಕಿರುತ್ತೆ ಅನ್ನೋದನ್ನ ಒಳಗಿನ ಬಯಾಲಜಿ ಗೊತ್ತಿರೋರು ಹೇಳ್ಲಿ, @ಪೆಟ್ರಿಪ್ಲೇಟ್ ಇದ್ದೀರಾ?

ಪೆಟ್ರಿಪ್ಲೇಟ್
ಇದ್ದೀನಿ. ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ, ಪಿಎಚ್‌ಡಿ ಮಾಡ್ತಿರೋಳು. ಕಾರ್ನಿಯಾದ ಮೇಲ್ಪದರದ ಕೋಶಗಳನ್ನ ಪ್ಲೇಟಲ್ಲಿ ಹಾಸಿಗೆ ಥರ ಬೆಳೆಸೋದು, ಪಿಪೆಟ್ ತುದೀಲಿ ನಡುವೆ ಒಂದು ಗೀರು ಎಳೆಯೋದು, ಆಮೇಲೆ ರಾತ್ರಿಯೆಲ್ಲ ಮೈಕ್ರೋಸ್ಕೋಪ್ ಕ್ಯಾಮೆರಾ ಬಿಟ್ಟು ಆ ಗೀರು ಹೇಗೆ ಮುಚ್ಕೊಳ್ಳುತ್ತೆ ಅಂತ ನೋಡೋದು, ಇದೇ ನನ್ನ ಕೆಲಸ. ಅಂದ್ರೆ ನಿಮ್ಮ ಪುಟ್ಟಿ ಒಂದೇ ಏಟಿಗೆ ಮಾಡಿದ್ದನ್ನ ನಾನು ಮೂರು ವರ್ಷದಿಂದ ಸ್ಟೈಪೆಂಡ್ ತಗೊಂಡು ಮಾಡ್ತಿದೀನಿ :)

ಕಾರ್ನಿಯಾ ಒಟ್ಟು ದಪ್ಪ ಅರ್ಧ ಮಿಲಿಮೀಟರ್ ಅಷ್ಟೇ. ಅದರಲ್ಲಿ ಮೇಲಿನ ಚರ್ಮ ಅಂತ ಕರೀಬಹುದಾದ ಎಪಿಥೀಲಿಯಂ ಸುಮಾರು 50 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್), ಐದರಿಂದ ಏಳು ಸಾಲು ಕೋಶ. ಉಗುರು ಕಿತ್ತಿದ್ದು ಇದನ್ನ. ಕಿತ್ತ ಕ್ಷಣದಲ್ಲಿ ಒಡೆದುಹೋದ ಕೋಶಗಳಿಂದ ಎಟಿಪಿ ಹೊರಗೆ ಚೆಲ್ಲುತ್ತೆ. ಸ್ಕೂಲಲ್ಲಿ ಎಟಿಪಿ ಅಂದ್ರೆ ಕೋಶದ ಕರೆನ್ಸಿ ಅಂತ ಓದಿರ್ತೀವಿ, ಅದು ಮನೆ ಒಳಗಿದ್ರೆ ಮಾತ್ರ ದುಡ್ಡು, ಬೀದೀಲಿ ಚೆಲ್ಲಿ ಬಿದ್ದಿದ್ರೆ ಆ ಮನೇಲಿ ಏನೋ ಅನಾಹುತ ಆಗಿದೆ ಅಂತಾನೇ ಅರ್ಥ ಅಲ್ವಾ. ಪಕ್ಕದ ಕೋಶಗಳು, ಸುದ್ದಿ ಹಿಡಿಯೋಕೆ ತಮ್ಮ ಮೈಮೇಲೆ ಬೀಗದ ಥರ ಇರೋ ಪಿ2ವೈ2 ಅನ್ನೋ ರಿಸೆಪ್ಟರ್‌ನಿಂದ ಅದನ್ನ ಗುರುತು ಹಿಡೀತವೆ, ಹಿಡಿದ ತಕ್ಷಣ ಅವುಗಳ ಒಳಗೆ ಕ್ಯಾಲ್ಸಿಯಂ ಏರುತ್ತೆ, ಅಲ್ಲಿಂದ ಆಚೆ ಮನೆಗೆ, ಅಲ್ಲಿಂದ ಅದರಾಚೆಗೆ. ಹೊಳೆಯೋ ಡೈ ಹಾಕಿ ನೋಡಿದ್ರೆ ಗೀರಿನ ಅಂಚಿಂದ ಬೆಳಕಿನ ಅಲೆ ಹರಡಿದ ಹಾಗೆ ಕಾಣುತ್ತೆ, ಕೆಲವೇ ಸೆಕೆಂಡು. ನಾನು ಮೊದಲ ಸಲ ನೋಡಿದ ದಿನ ಊಟಕ್ಕೆ ಹೋಗೋದೇ ಮರೆತಿದ್ದೆ.

ಇದು ಡಂಗುರ ಅಷ್ಟೇ. ನಿಜವಾದ ಆರ್ಡರ್ ಬರೋದು ಇಜಿಎಫ್ ರಿಸೆಪ್ಟರ್ ಅಂತ ಒಂದಿದೆ ಅದರಿಂದ. ಇದಕ್ಕೆ ಬೇಕಾದ ಬೀಗದಕೈ ಕೋಶದ ಮೈಮೇಲೇ ದಾರ ಕಟ್ಟಿ ನೇತುಹಾಕಿರುತ್ತೆ, ಎಚ್‌ಬಿ-ಇಜಿಎಫ್ ಅಂತ. ಗಾಯದ ಸುದ್ದಿ ಮುಟ್ಟಿದ ಮೇಲೆ ಒಂದು ಎಂಜೈಮ್ ಕತ್ತರಿ ಥರ ಆ ದಾರ ಕತ್ತರಿಸುತ್ತೆ, ಬೀಗದಕೈ ಬಿದ್ದು ಅದೇ ಕೋಶದ್ದೋ ಪಕ್ಕದ್ದೋ ರಿಸೆಪ್ಟರ್‌ಗೆ ಕೂರುತ್ತೆ, ಒಳಗೆ ಇಆರ್‌ಕೆ, ಪಿಐ3-ಕೈನೇಸ್ ಅಂತ ಎರಡು ಸಿಗ್ನಲ್ ಲೈನ್ ಆನ್ ಆಗುತ್ತೆ. ಇಷ್ಟಾದ್ರೂ ಹೊರಗಿಂದ ನೋಡಿದ್ರೆ ನಾಲ್ಕರಿಂದ ಆರು ಗಂಟೆ ಏನೂ ಆಗ್ತಿಲ್ಲ ಅನ್ಸುತ್ತೆ. ಆದ್ರೆ ಆ ಹೊತ್ತಲ್ಲಿ ಅಂಚಿನ ಕೋಶಗಳು ಒಂದು ದೊಡ್ಡ ನಿರ್ಧಾರ ತಗೊಂಡಿರ್ತವೆ. ಕೆಳಗಿನ ನೆಲಕ್ಕೆ ತಮ್ಮನ್ನ ಬಿಗಿದು ಕಟ್ಟಿದ್ದ ಗುಂಡಿಗಳನ್ನ ತಾವೇ ಬಿಚ್ಚಿಕೊಳ್ತವೆ. ಹೆಮಿಡೆಸ್ಮೋಸೋಮ್ ಅಂತ ಅವುಗಳ ಹೆಸರು. ಬಿಚ್ಚದಿದ್ರೆ ನಡೆಯೋಕಾಗಲ್ಲ.

ಬಿಚ್ಚಿ, ಚಪ್ಪಟೆ ಆಗಿ, ಎಲ್ಲ ಕೈ ಕೈ ಹಿಡ್ಕೊಂಡು ಚಾಪೆ ಥರ ತೆವಳ್ತವೆ. ಮೊಲದ ಕಣ್ಣಲ್ಲಿ ಅಳೆದ ವೇಗ ಗಂಟೆಗೆ ಹೆಚ್ಚುಕಮ್ಮಿ 60ರಿಂದ 80 ಮೈಕ್ರಾನ್. ನಿಮ್ದು 3 ಮಿಲಿಮೀಟರ್ ಅಗಲ, ಅಂದ್ರೆ ಪ್ರತಿ ಕಡೆಯಿಂದ ಒಂದೂವರೆ ಮಿಲಿಮೀಟರ್ ಬರ್ಬೇಕು, ಲೆಕ್ಕ ಹಾಕಿ, 20-25 ಗಂಟೆ, ಮೇಲೆ ಶುರುವಿನ ಐದಾರು ಗಂಟೆ. ಎರಡನೇ ದಿನ ಸಂಜೆಗೆ ಹಸಿರು ಮಾಯ ಆಗಿದ್ದು ಸರಿಯಾಗೇ ಇದೆ!

ಆದ್ರೆ ಅವತ್ತು ಡಾಕ್ಟ್ರು ನೋಡಿದ್ದು ಮುಚ್ಚಿದ್ದನ್ನ. ಬಿಚ್ಚಿದ ಗುಂಡಿಗಳನ್ನ ವಾಪಸ್ ಹಾಕೋ ಕೆಲಸ ಬೇರೆ. ಎಪಿಥೀಲಿಯಂ ಕೆಳಗೆ ಬೇಸ್‌ಮೆಂಟ್ ಮೆಂಬ್ರೇನ್ ಅಂತ ತೆಳು ಹಾಳೆ ಇದೆ, ಅದು ಹರಿಯದೇ ಉಳಿದಿದ್ರೆ ಗುಂಡಿಗಳು ದಿನಗಳಲ್ಲಿ ಕೂರ್ತವೆ. ಉಗುರು ಆ ಹಾಳೆಯನ್ನೂ ಕಿತ್ತಿದ್ರೆ ಅದನ್ನ ಹೊಸದಾಗಿ ನೇಯ್ದು ಆಮೇಲೆ ಗುಂಡಿ ಹಾಕ್ಬೇಕು, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಪಾರದರ್ಶಕ ಆಗಿರುತ್ತೆ, ಕಣ್ಣು ಚೆನ್ನಾಗಿ ಕಾಣುತ್ತೆ, ನೋವೂ ಇಲ್ಲ. ಹಿಡಿತ ಮಾತ್ರ ಇಲ್ಲ.

ತೀರ್ಥಳ್ಳಿ_ತೋಟ
ಇಷ್ಟು ಬರೆಯೋ ಬದ್ಲು ಒಂದು ಮಾತಲ್ಲಿ ಹೇಳಬಹುದಿತ್ತಲ್ಲ ಮಾರಾಯ್ರೆ, ಬೇರು ಕಚ್ಚಿಲ್ಲ ಅಂತ. ನಾಟಿ ಮಾಡಿದ ಗದ್ದೆ ಮಾರನೇ ದಿನವೇ ರಸ್ತೇಲಿ ಹೋಗೋರಿಗೆ ಹಸಿರು ಕಾಣುತ್ತೆ. ಇಳಿದು ಒಂದು ಸಸಿ ಎಳೆದು ನೋಡಿ, ಕೈಗೇ ಬರುತ್ತೆ.

ಪೆಟ್ರಿಪ್ಲೇಟ್
ಇದನ್ನ ನನ್ನ ಥೀಸಿಸ್‌ನಲ್ಲಿ ಹಾಕ್ಕೋಬಹುದಾ?

ತೀರ್ಥಳ್ಳಿ_ತೋಟ
ಹಾಕ್ಕಳಿ, ಕಾಪಿರೈಟ್ ಇಲ್ಲ. ಎರಡು ಕೇಜಿ ಕೆಂಪಡಿಕೆ ರೇಟ್ ಕೊಟ್ರೆ ಸಾಕು.

ಕಡ್ಲೆಪುರಿ
ಒಂದು ಡೌಟು. ಅಂಚಿನ ಕೋಶಕ್ಕೆ ಗಾಯ ಯಾವ ದಿಕ್ಕಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ಕಣ್ಣಿಗೆ ಕಣ್ಣಿದೆಯಾ? ಎಲ್ಲೋ ಓದಿದ್ದೆ ಕರೆಂಟ್ ಅಂತ, ಇದೂ ಆ ಮ್ಯಾಗ್ನೆಟ್ ಬಳೆ ಥರ ಬುರುಡೇನಾ?

ಪೆಟ್ರಿಪ್ಲೇಟ್
ಬುರುಡೆ ಅಲ್ಲ, ಆದ್ರೆ ನಿಮ್ಮ ಅನುಮಾನ ನ್ಯಾಯವಾದ್ದೇ, ನಾನೂ ಮೊದಲು ನಕ್ಕಿದ್ದೆ. ಪಕ್ಕದಲ್ಲಿ ಯಾರೂ ಇಲ್ಲ, ಜಾಗ ಖಾಲಿ ಇದೆ ಅನ್ನೋದೇ ಒಂದು ಸುಳಿವು. ಎರಡನೇದು ಕರೆಂಟು. ಕಾರ್ನಿಯಾದ ಮೇಲ್ಪದರ ಸೋಡಿಯಂನ ಒಳಕ್ಕೂ ಕ್ಲೋರೈಡ್‌ನ ಕಣ್ಣೀರಿನ ಕಡೆಗೂ ಸದಾ ತಳ್ತಾ ಇರುತ್ತೆ, ಇದರಿಂದ ಪದರದ ಎರಡು ಕಡೆ ಸುಮಾರು 25ರಿಂದ 40 ಮಿಲಿವೋಲ್ಟ್ ವ್ಯತ್ಯಾಸ. ಒಂದು ಪೆನ್ಸಿಲ್ ಸೆಲ್‌ನ ನಲವತ್ತನೇ ಒಂದು ಭಾಗ ಅನ್ಕೊಳ್ಳಿ. ಪದರ ತೂತಾದ್ರೆ ಅಲ್ಲಿ ಶಾರ್ಟ್ ಸರ್ಕ್ಯೂಟ್, ಸುತ್ತಲಿಂದ ಕರೆಂಟು ಆ ತೂತಿನ ಕಡೆ ಹರಿಯುತ್ತೆ, ಗಾಯದ ನಡುಭಾಗ ನೆಗೆಟಿವ್. ಈ ಕೋಶಗಳು ನೆಗೆಟಿವ್ ಕಡೆಗೇ ನಡೆಯೋ ಜಾತಿ.

ಗಾಯದಲ್ಲಿ ಕರೆಂಟ್ ಇದೆ ಅಂತ 1843ರಲ್ಲೇ ಎಮಿಲ್ ಡು ಬ್ವಾ-ರೇಮೊಂ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಬೆರಳನ್ನೇ ಕುಯ್ದುಕೊಂಡು ಅಳೆದಿದ್ದ. ಆಮೇಲೆ ಇದನ್ನ ಯಾರೂ ಅಷ್ಟಾಗಿ ಸೀರಿಯಸ್ಸಾಗಿ ತಗೊಳ್ಲಿಲ್ಲ. 2006ರಲ್ಲಿ ಮಿನ್ ಜಾವ್ ಮತ್ತೆ ಅವರ ಜೊತೆಯವರು ನೇಚರ್ ಪತ್ರಿಕೇಲಿ ತೋರ್ಸಿದ್ದು ಏನಂದ್ರೆ ಈ ಕರೆಂಟನ್ನ ಓದೋಕೂ ಅದೇ ಪಿಐ3-ಕೈನೇಸ್ ಲೈನ್ ಬೇಕು, ಅದನ್ನ ಕೆಡಿಸಿದ್ರೆ ಕೋಶ ಕರೆಂಟ್ ಇದ್ರೂ ದಿಕ್ಕು ತಪ್ಪುತ್ತೆ. ಅಂದ್ರೆ ಕೆಮಿಕಲ್ ಸಿಗ್ನಲ್ಲೂ ಕರೆಂಟ್ ಸಿಗ್ನಲ್ಲೂ ಹೋಗಿ ಕೂರೋದು ಒಂದೇ ಸ್ವಿಚ್‌ಬೋರ್ಡಿಗೆ.

ಕಡ್ಲೆಪುರಿ
ಸರಿ ಒಪ್ಕೊಂಡೆ. ಮ್ಯಾಗ್ನೆಟ್ ಬಳೆ ಮಾತ್ರ ಬುರುಡೆ ತಾನೇ, ನಮ್ಮಮ್ಮ ಎರಡು ತಗೊಂಡಿದಾರೆ.

ತೀರ್ಥಳ್ಳಿ_ತೋಟ
ನಮ್ಮಲ್ಲಿ ಅಡಿಕೆ ಸುಲಿವಾಗ, ಭತ್ತ ಬಡಿವಾಗ ಕಣ್ಣಿಗೆ ಸಿಡಿಯೋದು ಮಾಮೂಲು. ನಮ್ಮಜ್ಜಿ ನಂದಿಬಟ್ಲು ಹೂವು ಹಿಂಡಿ ರಸ ಬಿಡ್ತಿದ್ರು, ತಂಪು ಅಂತ. ಕಣ್ಣಲ್ಲಿ ಹೊಟ್ಟು ಕೂತಿದ್ರೆ ನಾಲಿಗೆಲಿ ತೆಗೆಯೋರೊಬ್ರು ಇದ್ರು ಊರಲ್ಲಿ. ಎಲ್ಲರಿಗೂ ವಾಸಿ ಆಗ್ತಿತ್ತಪ್ಪ.

ಕನ್ನಡಕದ_ಹುಡುಗ
ಅಣ್ಣ ಮೇಲಿನ ಲೆಕ್ಕ ನೋಡಿ, ಸಣ್ಣ ಗೀರು ಏನೂ ಹಾಕದಿದ್ರೂ ಎರಡು ದಿನಕ್ಕೆ ಮುಚ್ಚುತ್ತೆ, ಹೆಸರು ಮಾತ್ರ ನಂದಿಬಟ್ಲಿಗೆ. ಹೂವನ್ನ ಮುಚ್ಚಿದ ರೆಪ್ಪೆ ಮೇಲೆ ಇಟ್ಕೊಳ್ಳಿ ಬೇಡ ಅನ್ನಲ್ಲ, ರಸ ಒಳಗೆ ಬೇಡ, ನಾಲಿಗೆಯಂತೂ ಬೇಡವೇ ಬೇಡ. ಭತ್ತದ ಹೊಟ್ಟು, ಕಬ್ಬಿನ ಗರಿ, ಅಡಿಕೆ ಸಿಪ್ಪೆ ಇವು ಬರೀ ಗೀರಿ ಬಿಟ್ಟುಹೋಗಲ್ಲ, ಫಂಗಸ್ಸನ್ನೂ ಒಳಗೆ ಇಟ್ಟು ಹೋಗ್ತವೆ. ಆಗ ಮೆಡಿಕಲ್ ಶಾಪಲ್ಲಿ ಕೆಂಪು ಕಣ್ಣಿಗೆ ಏನಾದ್ರೂ ಕೊಡಿ ಅಂತ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕ್ಕೊಂಡ್ರೆ ಮುಗೀತು ಕಥೆ. ಸ್ಟೀರಾಯ್ಡ್ ಮಾಡೋದು ಉರಿಯೂತದ ಸಿಗ್ನಲ್ ಬಾಯಿ ಮುಚ್ಚಿಸೋದು. ಕೆಂಪು ಇಳಿಯುತ್ತೆ, ಹಾಯ್ ಅನ್ಸುತ್ತೆ, ಒಳಗೆ ಫಂಗಸ್‌ಗೆ ಹೊಡೆದಾಡೋ ಪೊಲೀಸರೇ ಬರಲ್ಲ. ಹತ್ತು ದಿನ ಬಿಟ್ಟು ಬರ್ತಾರೆ, ಕಣ್ಣಿನ ನಡುವೆ ಬೂದು ಬಣ್ಣದ ಹುಣ್ಣು. ಇಂಥ ಸೀಸನ್ನು ನಮಗೆ ಸುಗ್ಗಿ ಟೈಮಲ್ಲಿ ಪ್ರತಿ ವರ್ಷ.

ಮರಗಟ್ಟಿಸೋ ಡ್ರಾಪ್ಸ್ ಅಂತೂ ಮನೆಗೆ ಕೇಳ್ಲೇಬೇಡಿ. ಪರೀಕ್ಷೆ ಮಾಡುವಾಗ ಒಂದು ಹನಿ ನಾವು ಹಾಕ್ತೀವಿ, ಸ್ವರ್ಗ ಅನ್ಸುತ್ತೆ, ವೆಲ್ಡಿಂಗ್ ಹುಡುಗರು ಅದೇ ಬಾಟ್ಲಿ ತಗೊಂಡು ದಿನಕ್ಕೆ ಹತ್ತು ಸಲ ಹಾಕ್ಕೊಂಡು ಗಾಯ ಮುಚ್ಚದ ಹಾಗೆ ಮಾಡ್ಕೊಂಡು ಬರ್ತಾರೆ.

ಧಾರವಾಡ_ಮಾಸ್ತರ
ನಮಸ್ಕಾರ್ರೀ. ಸುಣ್ಣದ ಬಗ್ಗೆ ಯಾರೂ ಬರೀಲಿಲ್ಲಲ್ಲಾ, ಅದಕ್ಕ ಬರೀಲಿಕತ್ತೇನಿ. ನನ್ನ ತಂಗಿ ಮೊಮ್ಮಗ, ಆರು ವರ್ಷದ ಹುಡುಗ. ಎಲಿಅಡಿಕಿ ಜೋಡಿ ಬರ್ತದಲ್ಲ ಸಣ್ಣ ಪ್ಲಾಸ್ಟಿಕ್ ಸುಣ್ಣದ ಪಾಕೀಟು, ಅದನ್ನ ಹಿಚಕಿ ಆಟಾ ಆಡ್ಲಿಕತ್ತಿದ್ದ. ಪಟಕ್ಕನ ಒಡದು ಸುಣ್ಣ ಸೀದಾ ಕಣ್ಣಾಗ ಸಿಡೀತು. ಮನಿಯಾಗಿನ ಹೆಣ್ಣಮಕ್ಕಳು ಗಾಬರಿಯಾಗಿ ಸೆರಗಿಲೆ ಒರಸಿದ್ರು, ಒಬ್ಬರು ಎಣ್ಣಿ ಹಾಕ್ರಿ ಅಂದ್ರು, ಒಬ್ಬರು ತುಪ್ಪ ಅಂದ್ರು. ನೀರ್ಲೆ ತೊಳೀಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡ್ರಿ. ನಾ ಮೂವತ್ತು ವರ್ಷ ಸೈನ್ಸ್ ಕಲಿಸಿದಾಂವ, ಸುಣ್ಣ ಅಂದ್ರ ಕ್ಷಾರ ಅಂತ ಎಷ್ಟು ಮಕ್ಕಳಿಗೆ ಬರಿಸೇನಿ, ನನ್ನ ಮನಿಗೇ ಅದು ಮುಟ್ಟಲಿಲ್ಲ.

ನಾಲ್ಕೈದು ತಿಂಗಳ ಆದ ಮ್ಯಾಲೆ ಕಪ್ಪ ಗುಡ್ಡಿ ಮ್ಯಾಲೆ ಕೆಂಪ ನರ ಹಬ್ಬಿ ಬಿಳಿ ಪರದೆ ಬಂತು. ಉಗುರಿನ ಗಾಯ ಎರಡ ದಿನದಾಗ ಮುಚ್ಚತದ ಅಂತೀರಿ, ಇದ್ಯಾಕ ಮುಚ್ಚಲಿಲ್ಲ? ಅಲ್ಲಿ ಸಿಗ್ನಲ್ ಬರಲಿಲ್ಲೇನು?

ಪೆಟ್ರಿಪ್ಲೇಟ್
ಸರ್, ಓದಿ ಸಂಕಟ ಆಯ್ತು. ಸಿಗ್ನಲ್ ಬಂದಿರುತ್ತೆ, ಬೇಕಾದಷ್ಟು ಬಂದಿರುತ್ತೆ. ಕೆಲಸಕ್ಕೆ ಬರೋ ಆಳುಗಳೇ ಸತ್ತಿದ್ರು.

ಕಪ್ಪುಗುಡ್ಡೆ ಬಿಳಿಗುಡ್ಡೆ ಸೇರೋ ಕಡೆ ಒಂದು ಸಣ್ಣ ಉಂಗುರ ಇದೆಯಲ್ಲ, ಲಿಂಬಸ್ ಅಂತ, ಕಾರ್ನಿಯಾದ ಸ್ಟೆಮ್ ಸೆಲ್ ಇರೋದು ಅಲ್ಲಿ. ಗಾಯ ಆಗದಿದ್ರೂ ಅಲ್ಲಿಂದ ಹೊಸ ಕೋಶ ಹುಟ್ಟಿ ಸುತ್ತಲಿಂದ ನಡುವಿಗೆ ಬರ್ತಾನೇ ಇರ್ತವೆ, ಮೇಲಿನವು ಉದುರಿ ಕಣ್ಣೀರಲ್ಲಿ ಹೋಗ್ತವೆ. 1983ರಲ್ಲಿ ಥಾಫ್ಟ್ ಮತ್ತೆ ಫ್ರೆಂಡ್ ಅನ್ನೋರು ಇದನ್ನ ಒಂದು ಸಮೀಕರಣ ಮಾಡಿ ಬರೆದ್ರು, ಎಕ್ಸ್ ಪ್ಲಸ್ ವೈ ಈಕ್ವಲ್ಸ್ ಝಡ್. ಕೆಳಸಾಲಲ್ಲಿ ಹುಟ್ಟಿದ್ದು ಪ್ಲಸ್ ಅಂಚಿಂದ ನಡೆದು ಬಂದಿದ್ದು, ಎರಡೂ ಸೇರಿ ಉದುರಿಹೋದದ್ದಕ್ಕೆ ಸಮ. ಮಾಸ್ತರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಉಗುರಿನ ಗಾಯದಲ್ಲಿ ಲಿಂಬಸ್‌ಗೆ ಏನೂ ಆಗಿರಲ್ಲ. ಸುಣ್ಣ ಕ್ಷಾರ ಆಗಿರೋದ್ರಿಂದ ಕೊಬ್ಬನ್ನ ಸೋಪು ಮಾಡ್ತಾ ಒಳಗೆ ಇಳಿಯುತ್ತೆ, ಲಿಂಬಸ್‌ನೂ ಸುಡುತ್ತೆ. ಆಗ ಗಾಯ ಮುಚ್ಚೋಕೆ ಯಾರೂ ಬರಲ್ಲ ಅಂತ ಬಿಳಿಗುಡ್ಡೆಯ ಚರ್ಮ ತನ್ನ ರಕ್ತನಾಳ ಸಮೇತ ಒಳಗೆ ಹಬ್ಬುತ್ತೆ. ನೀವು ನೋಡಿದ ಕೆಂಪು ನರ ಅದೇ.

ನಾಳ ಅಂದೆನಲ್ಲ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಕಾರ್ನಿಯಾದಲ್ಲಿ ರಕ್ತನಾಳ ಬೆಳೆಸೋ ವಿಇಜಿಎಫ್ ಸಿಗ್ನಲ್ ಇದ್ದೇ ಇದೆ, ಆದ್ರೆ ಅದನ್ನ ಹಿಡಿದು ಕಟ್ಟಿಹಾಕೋ ಒಂದು ಬಿಡಿ ರಿಸೆಪ್ಟರನ್ನೂ ಕಾರ್ನಿಯಾ ತಾನೇ ಮಾಡಿ ಚೆಲ್ಲಿರುತ್ತೆ, ಅದಕ್ಕೇ ಅಲ್ಲಿ ನಾಳ ಇಲ್ಲ, ಅದಕ್ಕೇ ಗಾಜಿನ ಥರ ಇದೆ. ಮನಾಟೀ ಅಂತ ನೀರಲ್ಲಿರೋ ಎಮ್ಮೆಯಂಥ ಪ್ರಾಣಿ ಇದೆ, ಅದರ ಕಾರ್ನಿಯಾದಲ್ಲಿ ರಕ್ತನಾಳ ಇದೆ, ನೋಡಿದ್ರೆ ಅದಕ್ಕೆ ಈ ಬಿಡಿ ರಿಸೆಪ್ಟರ್ ಇಲ್ಲ! 2006ರಲ್ಲಿ ಗೊತ್ತಾಗಿದ್ದು.

ಒಂದೇ ಕಣ್ಣು ಸುಟ್ಟಿದ್ರೆ ದಾರಿ ಇದೆ ಸರ್. ಹೈದರಾಬಾದಿನ ಎಲ್‌ವಿ ಪ್ರಸಾದ್ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಅವರ ತಂಡ 2012ರಲ್ಲಿ ಪ್ರಕಟ ಮಾಡಿದ ವಿಧಾನ, ಸ್ಲೆಟ್ ಅಂತಾರೆ. ಚೆನ್ನಾಗಿರೋ ಕಣ್ಣಿನ ಲಿಂಬಸ್ಸಿಂದ ಎರಡು ಮಿಲಿಮೀಟರಿನ ಒಂದು ಚೂರು ತಗೊಂಡು ಅದನ್ನ ಎಂಟು ಹತ್ತು ತುಣುಕು ಮಾಡಿ ಸುಟ್ಟ ಕಣ್ಣಿನ ಮೇಲೆ ಹೆರಿಗೆ ಮಾಸಿನ ಪೊರೆ ಹಾಸಿ ಅದರ ಮೇಲೆ ಅಂಟಿಸ್ತಾರೆ. ಲ್ಯಾಬಲ್ಲಿ ಬೆಳೆಸೋ ಖರ್ಚಿಲ್ಲ, ಕಣ್ಣೇ ಲ್ಯಾಬು. ಇಟಲಿಯ ಪೆಲ್ಲೆಗ್ರಿನಿ ಅವರು 1997ರಲ್ಲಿ ತೋರ್ಸಿದ ಲ್ಯಾಬಲ್ಲಿ ಹಾಳೆ ಬೆಳೆಸೋ ದಾರಿ ದುಬಾರಿ. ಹುಡುಗನ್ನ ಕಾರ್ನಿಯಾ ಸ್ಪೆಷಲಿಸ್ಟ್ ಹತ್ರ ತೋರ್ಸಿದೀರಾ?

ಧಾರವಾಡ_ಮಾಸ್ತರ
ತೋರಿಸೇವಿ ಬಾಯೀ. ಇದೇ ಆಪರೇಷನ್ ಆಗೇದ, ಆದ್ರ ಅವರು ಏನ ಮಾಡಿದ್ರು ಅಂತ ನನಗ ಇವತ್ತ ತಿಳೀತು. ಮೊದಲ ಬರೇ ಬೆಳಕ ಕಾಣ್ತಿತ್ತು, ಈಗ ಬೋರ್ಡ್ ಮ್ಯಾಲಿನ ದೊಡ್ಡ ಅಕ್ಷರ ಓದ್ತಾನ. ಸುಣ್ಣ ಬಿದ್ರ ಮೊದಲ ನಳದ ಕೆಳಗ ಅರ್ಧ ತಾಸು ಕಣ್ಣ ಹಿಡೀರಿ, ಆಮ್ಯಾಲೆ ಗಾಡಿ ಹುಡಕ್ರಿ, ಇಷ್ಟ ನಾ ಹೇಳೂದು.

ಕನ್ನಡಕದ_ಹುಡುಗ
ಮಾಸ್ತರ ಮಾತನ್ನ ಯಾರಾದ್ರೂ ಮೇಲೆ ಪಿನ್ ಮಾಡಿ. ಮತ್ತೆ, ತೊಳೆದ ಮೇಲೂ ಮೇಲ್ರೆಪ್ಪೆ ಒಳಗೆ ಸುಣ್ಣದ ಚೂರು ಕೂತಿರುತ್ತೆ, ಅದನ್ನ ಆಸ್ಪತ್ರೇಲಿ ರೆಪ್ಪೆ ಮಡಚಿ ತೆಗೀಬೇಕು.

ಕಡ್ಲೆಪುರಿ
ಟಾಪಿಕ್ ಬಿಟ್ಟು ಒಂದು, ಅಪ್ಪು ಕಣ್ಣು ನಾಲ್ಕು ಜನಕ್ಕೆ ಹಾಕಿದ್ರು ಅಂತಾರಲ್ಲ, ಇರೋದೇ ಎರಡಲ್ವಾ?

ಕನ್ನಡಕದ_ಹುಡುಗ
ಟಾಪಿಕ್ಕೇ ಅದು ಗುರು. ಕಾರ್ನಿಯಾನ ಮುಂದಿನ ಪದರ ಹಿಂದಿನ ಪದರ ಅಂತ ಸೀಳಬಹುದು. 2021ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂದಿನ ಪದರ, ಹಿಂಭಾಗ ಕೆಟ್ಟಿದ್ದ ಇಬ್ಬರಿಗೆ ಹಿಂದಿನದು ಹಾಕಿದ್ರು. ಹಿಂದಿನ ಒಂದು ಸಾಲು ಕೋಶ ಇದೆಯಲ್ಲ, ಎಂಡೋಥೀಲಿಯಂ, ಅದು ಮನುಷ್ಯರಲ್ಲಿ ಒಮ್ಮೆ ಹೋದ್ರೆ ಮತ್ತೆ ಹುಟ್ಟಿ ತುಂಬ್ಕೊಳ್ಳಲ್ಲ, ಪಕ್ಕದವು ಅಗಲ ಆಗಿ ಜಾಗ ಮುಚ್ತವೆ ಅಷ್ಟೇ. ಅದಕ್ಕೇ ದಾನ ಬೇಕಾಗೋದು.

ಸಂಪಿಗೆ_ಮರ
@ಪೆಟ್ರಿಪ್ಲೇಟ್ ನೀವು ಇಜಿಎಫ್ ರಿಸೆಪ್ಟರ್ ಅಂದ್ರಲ್ಲ, ಅದನ್ನ ಓದಿ ಎದೆ ಝಲ್ ಅಂತು. ನಮ್ಮಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್, ಅವರಿಗೆ ಕೊಡ್ತಿರೋ ಮಾತ್ರೆ ಪೇಪರಲ್ಲಿ ಇದೇ ಹೆಸರಿದೆ, ಇಜಿಎಫ್‌ಆರ್ ತಡೆಯೋ ಔಷಧಿ ಅಂತ. ಮಾತ್ರೆ ಶುರುವಾಗಿ ಮೂರ್ನಾಲ್ಕು ತಿಂಗಳಿಗೆ ಅಮ್ಮನ ರೆಪ್ಪೆಗೂದಲು ಉದ್ದುದ್ದ ಸುರುಳಿ ಸುರುಳಿ ಬೆಳೀತು, ಎಪ್ಪತ್ತರ ವಯಸ್ಸಲ್ಲಿ ಭರತನಾಟ್ಯದ ಹುಡುಗಿ ಥರ ಕಾಣ್ತಾರೆ ಅಂತ ನಾವೇ ತಮಾಷೆ ಮಾಡ್ತಿದ್ವಿ. ಈಗ ಕಣ್ಣು ಉರಿ, ಚುಚ್ಚೋದು. ಎರಡಕ್ಕೂ ಸಂಬಂಧ ಇದೆಯಾ?

ಪೆಟ್ರಿಪ್ಲೇಟ್
ಇದೆ. ಕ್ಯಾನ್ಸರ್ ಕೋಶ ಇಜಿಎಫ್‌ಆರ್ ಲೈನನ್ನೇ ಆನ್ ಮಾಡಿಟ್ಕೊಂಡು ಬೆಳೀತಿರುತ್ತೆ, ಮಾತ್ರೆ ಅದನ್ನ ಆಫ್ ಮಾಡುತ್ತೆ. ಮಾತ್ರೆಗೆ ಇದು ಕ್ಯಾನ್ಸರ್, ಇದು ಕಣ್ಣು ಅಂತ ಗೊತ್ತಾಗಲ್ಲ. ಕೂದಲ ಬುಡದಲ್ಲೂ ಇದೇ ಸಿಗ್ನಲ್ ಬೆಳವಣಿಗೆಯ ಕಾಲವನ್ನ ಮುಗಿಸೋ ಕೆಲಸ ಮಾಡುತ್ತೆ, ತಡೆದ್ರೆ ರೆಪ್ಪೆ ಬೆಳೀತಾನೇ ಇರುತ್ತೆ. ಕಾರ್ನಿಯಾದಲ್ಲಿ ಉಲ್ಟಾ, ದಿನಾ ಆಗೋ ಸಣ್ಣ ಸವೆತ ರಿಪೇರಿ ಆಗೋದು ನಿಧಾನ. ಒಳಮುಖ ತಿರುಗಿದ ಒಂದು ಉದ್ದ ರೆಪ್ಪೆ ಗೀರ್ತಾ ಇದ್ರೆ ಗೀರೋದೂ ಅದೇ ಮಾತ್ರೆಯಿಂದ, ಮುಚ್ಚದಿರೋದೂ ಅದೇ ಮಾತ್ರೆಯಿಂದ. ದಯವಿಟ್ಟು ಮಾತ್ರೆ ನಿಲ್ಸೋಕೆ ಹೋಗ್ಬೇಡಿ, ಕ್ಯಾನ್ಸರ್ ಡಾಕ್ಟ್ರಿಗೆ ಹೇಳಿ ಈ ವಾರವೇ ಕಣ್ಣು ತೋರ್ಸಿ.

ಸಂಪಿಗೆ_ಮರ
ನಾಳೇನೇ ಕರ್ಕೊಂಡು ಹೋಗ್ತೀನಿ. ಥ್ಯಾಂಕ್ಸ್.

ಕಡ್ಲೆಪುರಿ
ಹಂಗಾದ್ರೆ ಉಲ್ಟಾ ಮಾಡಿ, ಪುಟ್ಟಿಯಮ್ಮಂಗೆ ಇಜಿಎಫ್ ಡ್ರಾಪ್ಸ್ ಹಾಕಿದ್ರೆ ಆಯ್ತಲ್ಲ, ಇಷ್ಟು ಚರ್ಚೆ ಯಾಕೆ?

ಪೆಟ್ರಿಪ್ಲೇಟ್
ಎಲ್ಲರೂ ಮೊದಲು ಅನ್ಕೊಳ್ಳೋದು ಅದನ್ನೇ. ಇಜಿಎಫ್ ಸಿಕ್ಕಿದ್ದೇ ಕಣ್ಣಿಂದ ಗೊತ್ತಾ. 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತೆ ಸ್ಟ್ಯಾನ್ಲಿ ಕೋಹೆನ್ ಅಂತ ಇಬ್ಬರು ನರ ಬೆಳೆಸೋ ಪದಾರ್ಥ ಎನ್‌ಜಿಎಫ್ ಹುಡುಕ್ತಾ ಇದ್ರು, ಇಲಿಯ ಜೊಲ್ಲುಗ್ರಂಥಿಯಲ್ಲಿ ಅದು ಭರ್ತಿ ಸಿಕ್ತು. ಆ ಗ್ರಂಥಿಯ ರಸ ಚುಚ್ಚಿದ ಇಲಿಮರಿಗಳು ಎರಡು ವಾರಕ್ಕೆ ಬಿಡ್ಬೇಕಾದ ಕಣ್ಣನ್ನ ಒಂದೇ ವಾರಕ್ಕೆ ಬಿಟ್ಟುಬಿಟ್ವು. ಬೇರೆಯವರಾಗಿದ್ರೆ ಏನೋ ಕಲಬೆರಕೆ ಅಂತ ಬಿಟ್ಟಿರೋರು, ಕೋಹೆನ್ ಬೆನ್ನುಹತ್ತಿದ. ಅದೇ ಇಜಿಎಫ್. 1986ರಲ್ಲಿ ಇಬ್ಬರಿಗೂ ನೊಬೆಲ್.

ಆದ್ರೆ ಕಣ್ಣೀರಲ್ಲೇ ಇಜಿಎಫ್ ಇದೆ, ಮಾಮೂಲಿ ಗಾಯಕ್ಕೆ ಹೊರಗಿಂದ ಇನ್ನಷ್ಟು ಸುರಿದ್ರೆ ಹೇಳ್ಕೊಳ್ಳೋ ಅಂಥ ಲಾಭ ಆಗ್ಲಿಲ್ಲ. ಇಜಿಎಫ್ ಹೇಳೋದು ನಡೀರಿ, ಹುಟ್ರಿ ಅಂತ. ಪುಟ್ಟಿಯಮ್ಮನ ಕೋಶಗಳಿಗೆ ಬೇಕಾಗಿರೋ ಮಾತು ಕೂತ್ಕೊಳ್ರಿ, ಗುಂಡಿ ಹಾಕ್ಕೊಳ್ರಿ ಅನ್ನೋದು. ಕ್ಲಿನಿಕ್‌ವರೆಗೆ ಬಂದಿದ್ದು ಎನ್‌ಜಿಎಫ್. ಕಾರ್ನಿಯಾಕ್ಕೆ ಬರೋ ನರ ಸತ್ತುಹೋದ್ರೆ, ಹರ್ಪಿಸ್ ಆದ್ಮೇಲೋ ಹಳೇ ಶುಗರ್ ಇರೋರಿಗೋ, ನೋವೇ ಇಲ್ಲದೆ ಗಾಯ ಮುಚ್ಚದೆ ಉಳಿಯುತ್ತೆ, ಯಾಕಂದ್ರೆ ಆ ನರಗಳು ನೋವು ಹೇಳೋದಷ್ಟೇ ಅಲ್ಲ ಕೋಶಗಳಿಗೆ ಊಟವನ್ನೂ ಹಾಕ್ತಿರ್ತವೆ. ಅಂಥವರಿಗೆ ಸೆನೆಗೆರ್ಮಿನ್ ಅಂತ ಎನ್‌ಜಿಎಫ್ ಡ್ರಾಪ್ಸ್, ಯುರೋಪಲ್ಲಿ 2017, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಆಯ್ತು, ದಿನಕ್ಕೆ ಆರು ಸಲ ಎಂಟು ವಾರ. ಬೆಲೆ ಕೇಳ್ಬೇಡಿ. ನಮ್ಮ ಕಡೆ ಹೆಚ್ಚಾಗಿ ರೋಗಿಯ ರಕ್ತದ್ದೇ ಸೀರಂ, ಅಂದ್ರೆ ಮೇಲಿನ ತಿಳಿ, ತೆಗೆದು 20 ಪರ್ಸೆಂಟಿಗೆ ತೆಳು ಮಾಡಿ ಡ್ರಾಪ್ಸ್ ಮಾಡ್ತಾರೆ. ತೆಳು ಮಾಡೋಕೂ ಕಾರಣ ಇದೆ, ಸೀರಂನಲ್ಲಿ ಟಿಜಿಎಫ್-ಬೀಟಾ ಅನ್ನೋ ಇನ್ನೊಂದು ಸಿಗ್ನಲ್ ಕಣ್ಣೀರಿಗಿಂತ ತುಂಬ ಜಾಸ್ತಿ.

ಮಾಜಿ_ಸೋಡಾಬುಡ್ಡಿ
ಟಿಜಿಎಫ್-ಬೀಟಾ ಬಂದ್ರೆ ಏನು ತೊಂದ್ರೆ? ನಂಗೆ ಮೈನಸ್ ಏಳಿತ್ತು, ಪಿಆರ್‌ಕೆ ಲೇಸರ್ (ಮೇಲ್ಪದರ ತೆಗೆದು ಪವರ್ ಇಳಿಸೋದು) ಮಾಡ್ಸಿದೆ, ಐದನೇ ದಿನಕ್ಕೆ ಮೇಲ್ಪದರ ಮುಚ್ಕೊಂಡು ಬ್ಯಾಂಡೇಜ್ ಲೆನ್ಸ್ ತೆಗೆದ್ರು, ಚೆನ್ನಾಗಿ ಕಾಣ್ತಿತ್ತು. ಎರಡು ತಿಂಗಳಾದ್ಮೇಲೆ ನಿಧಾನಕ್ಕೆ ಮಂಜು, ಮಡಿಕೇರಿ ಬೆಳಿಗ್ಗೆ ಥರ. ಡಾಕ್ಟ್ರು ಹೇಜ್ ಅಂದ್ರು. ಇದೂ ಬೇರು ಕಚ್ಚದ ಕಥೆನಾ?

ಪೆಟ್ರಿಪ್ಲೇಟ್
ಅದಕ್ಕೆ ಅಣ್ಣತಮ್ಮನ ಕಥೆ. ಎಪಿಥೀಲಿಯಂ ಕೆಳಗಿನ ದಪ್ಪ ಭಾಗ ಸ್ಟ್ರೋಮಾ, ಕಾರ್ನಿಯಾದ ಹತ್ತರಲ್ಲಿ ಒಂಬತ್ತು ಪಾಲು ಅದೇ. ಅಲ್ಲಿ ಕೆರಾಟೋಸೈಟ್ ಅಂತ ಕೋಶಗಳು ಸುಮ್ಮನೆ ಮಲಗಿರ್ತವೆ. ಮೇಲ್ಪದರ ಕಿತ್ತ ಕೂಡಲೇ ಅಲ್ಲಿಂದ ಇಂಟರ್‌ಲ್ಯೂಕಿನ್-1 ಅನ್ನೋ ಉರಿಯೂತದ ಸಿಗ್ನಲ್ ಕೆಳಗೆ ಸುರಿಯುತ್ತೆ, ಗಾಯದ ಕೆಳಗಿನ ಕೆರಾಟೋಸೈಟ್‌ಗಳು ಆತ್ಮಹತ್ಯೆ ಮಾಡ್ಕೊಳ್ತವೆ. ಕೇಳೋಕೆ ಕ್ರೂರ, ಆದ್ರೆ ವೈರಸ್ ಏನಾದ್ರೂ ಇದ್ರೆ ಒಳಗೆ ಹರಡದ ಹಾಗೆ ಬೆಂಕಿ ರೇಖೆ ಎಳೆದ ಹಾಗಿರ್ಬೇಕು ಅಂತ ಒಂದು ಊಹೆ ಇದೆ. ಉಳಿದವು ಎದ್ದು ಸಂಖ್ಯೆ ಹೆಚ್ಚಿಸ್ಕೊಂಡು ರಿಪೇರಿಗೆ ಬರ್ತವೆ. ಈಗ ಮೇಲಿಂದ ಟಿಜಿಎಫ್-ಬೀಟಾ ಇಳೀತಾ ಇದ್ರೆ ಅವು ಮೈಯೋಫೈಬ್ರೋಬ್ಲಾಸ್ಟ್ ಆಗಿ ಬದಲಾಗ್ತವೆ. ಅವು ಪಾರದರ್ಶಕ ಅಲ್ಲ, ಅವು ನೇಯೋ ಕೊಲಾಜೆನ್ನೂ ಅಡ್ಡಾದಿಡ್ಡಿ. ಅದೇ ನಿಮ್ಮ ಮಡಿಕೇರಿ.

ಸಾಮಾನ್ಯವಾಗಿ ಯಾಕೆ ಹೀಗಾಗಲ್ಲ ಅಂದ್ರೆ, ಪುಟ್ಟಿಯಮ್ಮನ ವಿಷಯದಲ್ಲಿ ಹೇಳಿದ್ನಲ್ಲ ಅದೇ ಬೇಸ್‌ಮೆಂಟ್ ಮೆಂಬ್ರೇನ್, ಅದು ಗುಂಡಿ ಹಾಕೋ ಬಟ್ಟೆ ಮಾತ್ರ ಅಲ್ಲ, ಅಣೆಕಟ್ಟೂ ಹೌದು. ಅದು ಸರಿಯಾಗಿ ಎದ್ದರೆ ಟಿಜಿಎಫ್-ಬೀಟಾ ಕೆಳಗಿಳಿಯೋದು ನಿಲ್ಲುತ್ತೆ, ಆ ಸಿಗ್ನಲ್ ಇಲ್ಲದೆ ಮೈಯೋಫೈಬ್ರೋಬ್ಲಾಸ್ಟ್‌ಗಳು ಸಾಯ್ತವೆ, ಕೆರಾಟೋಸೈಟ್ ಬಂದು ನಿಧಾನಕ್ಕೆ ಕಸ ಗುಡಿಸ್ತವೆ. ಜಾಸ್ತಿ ಪವರ್ ತೆಗೆದಾಗ ನೆಲ ಒರಟಾಗಿ ಉಳಿದು ಮೆಂಬ್ರೇನ್ ಏಳೋದು ತಡ ಆಗುತ್ತೆ. ಅದಕ್ಕೇ ಆಪರೇಷನ್ ಹೊತ್ತಲ್ಲೇ 0.02 ಪರ್ಸೆಂಟ್ ಮೈಟೊಮೈಸಿನ್ ಅನ್ನೋ ಔಷಧಿ ಒಂದಿಷ್ಟು ಸೆಕೆಂಡು ಒತ್ತಿ ತೊಳೆಯೋದು, ಎದ್ದು ಬರೋ ಕೋಶಗಳ ಸಂಖ್ಯೆ ಕಮ್ಮಿ ಮಾಡೋಕೆ. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ ಅಂದಿರ್ತಾರಲ್ಲ, ಹಾಕಿದ್ರಾ?

ಮಾಜಿ_ಸೋಡಾಬುಡ್ಡಿ
ಕನ್ನಡಕ ಬಿಡೋಕೆ ಅಂತಾನೇ ಆಪರೇಷನ್ ಮಾಡ್ಸಿದ್ದಲ್ವಾ... ಹಾಕ್ಲಿಲ್ಲ.

ಪುಟ್ಟಿಯಮ್ಮ
ಎಲ್ಲಾ ಎರಡೆರಡು ಸಲ ಓದಿದೆ. ಡಾಕ್ಟ್ರು ರಾತ್ರಿ ಹಾಕೋಕೆ ಉಪ್ಪಿನ ಆಯಿಂಟ್ಮೆಂಟ್ ಮತ್ತೆ ಡಾಕ್ಸಿಸೈಕ್ಲಿನ್ ಅಂತ ಮಾತ್ರೆ ಬರೆದ್ರು, ಆಮೇಲೆ ಮಗುಗೆ ಹಾಲು ಕುಡಿಸ್ತೀನಿ ಅಂದಾಗ ಮಾತ್ರೆ ಹೊಡೆದು ಹಾಕಿದ್ರು. ಇನ್ಫೆಕ್ಷನ್ ಇಲ್ಲ ಅಂದಮೇಲೆ ಆ್ಯಂಟಿಬಯಾಟಿಕ್ ಯಾಕೆ ಬರೆದಿದ್ರು?

ಪೆಟ್ರಿಪ್ಲೇಟ್
ಇನ್ಫೆಕ್ಷನ್‌ಗಲ್ಲ ಅಕ್ಕ. ಎಂಎಂಪಿ-9 ಅಂತ ಒಂದು ಎಂಜೈಮ್ ಇದೆ, ಕೋಶ ತೆವಳುವಾಗ ದಾರಿ ಬಿಡಿಸೋದು ಅದೇ, ಕೆಲಸ ಮುಗಿದ ಮೇಲೂ ಸುಮ್ಮನಿರದೆ ಹೊಸ ಗುಂಡಿಗಳನ್ನ ಕತ್ತರಿಸ್ತಾ ಕೂರುತ್ತೆ. ಡಾಕ್ಸಿಸೈಕ್ಲಿನ್ ಅದರ ಕೈ ಕಟ್ಟುತ್ತೆ, ಬ್ಯಾಕ್ಟೀರಿಯಾ ಕೊಲ್ಲೋದು ಅದರ ಇನ್ನೊಂದು ಉದ್ಯೋಗ. ಹಾಲು ಕುಡಿಸುವಾಗ ಬೇಡ ಅಂದಿದ್ದು ಅವರ ನಿರ್ಧಾರ, ಅದನ್ನೇ ಕೇಳಿ.

ಕನ್ನಡಕದ_ಹುಡುಗ
ಉಪ್ಪಿನ ಆಯಿಂಟ್ಮೆಂಟ್ ರಾತ್ರಿ ಪದರದೊಳಗೆ ಸೇರೋ ನೀರನ್ನ ಎಳೆಯುತ್ತೆ, ಜಿಡ್ಡು ರೆಪ್ಪೆ ಅಂಟದ ಹಾಗೆ ನೋಡ್ಕೊಳ್ಳುತ್ತೆ. ಎದ್ದ ತಕ್ಷಣ ಕಣ್ಣು ಬಿಡ್ಬೇಡಿ, ಮುಚ್ಚಿದ ಕಣ್ಣಲ್ಲೇ ಗುಡ್ಡೆ ನಿಧಾನಕ್ಕೆ ಆಕಡೆ ಈಕಡೆ ಆಡ್ಸಿ, ಆಮೇಲೆ ಬಿಡಿ. ತಿಂಗಳಾಯ್ತು ನೋವಿಲ್ಲ ಅಂತ ಆಯಿಂಟ್ಮೆಂಟ್ ನಿಲ್ಸೋದು ಎಲ್ಲರೂ ಮಾಡೋ ತಪ್ಪು, ಮೂರು ತಿಂಗಳಾದ್ರೂ ಹಾಕ್ಬೇಕು. ಆಮೇಲೂ ಕಿತ್ಕೊಂಡ್ರೆ ಬ್ಯಾಂಡೇಜ್ ಲೆನ್ಸ್, ಲೇಸರ್ ಅಂತೆಲ್ಲ ದಾರಿ ಇವೆ.

ಪುಟ್ಟಿಯಮ್ಮ
ಅಪ್ಡೇಟ್, ಗಣೇಶನ ಹಬ್ಬ ಮುಗೀತು, ನಾಲ್ಕು ತಿಂಗಳಿಂದ ಒಂದು ರಾತ್ರೀನೂ ಬಿಡದೆ ಹಾಕ್ತಿದೀನಿ. ಎರಡು ಸಲ ಬೆಳಿಗ್ಗೆ ಸ್ವಲ್ಪ ಚುಳುಕ್ ಅಂತು, ಕಿತ್ಕೊಂಡಿಲ್ಲ. ಹೋದ ವಾರ ಮತ್ತೆ ಆ ಪಟ್ಟಿ ಹಾಕಿ ನೋಡಿದ್ರು, ಹಸಿರು ಏನೂ ಇಲ್ಲ. ನಮ್ಮೆಜಮಾನ್ರು ಅಲಾರಂ ಹೆಸರು "ಕಣ್ಣು ಬಿಡ್ಬೇಡ" ಅಂತ ಇಟ್ಟಿದಾರೆ. ಪುಟ್ಟಿ ಉಗುರು ಪ್ರತಿ ಭಾನುವಾರ ಕತ್ತರಿಸ್ತೀವಿ, ಅವಳು ಮಲಗಿದ ಮೇಲೆ, ಇಬ್ಬರು ಸೇರಿ, ಒಬ್ಬರು ಟಾರ್ಚ್ ಹಿಡ್ಕೊಂಡು.

ತೀರ್ಥಳ್ಳಿ_ತೋಟ
ಬೇರು ಕಚ್ಚಿದೆ ಹಂಗಾದ್ರೆ. @ಪೆಟ್ರಿಪ್ಲೇಟ್ ಥೀಸಿಸ್ ಎಲ್ಲಿಗೆ ಬಂತು? ಅಡಿಕೆ ರೇಟ್ ಏರಿದೆ, ಬೇಗ ಮುಗಿಸಿ.